ಊಟ ಮುಗಿದ ಮೇಲೆ ಕಾರ್ಡ್ ಮೆಷಿನ್ ಕೈಕೊಟ್ಟರೆ

ಕಳೆದ ಮಳೆಗಾಲದ ಒಂದು ಭಾನುವಾರ. ಅತ್ತೆಯವರಿಗೆ ಎಪ್ಪತ್ತು ತುಂಬಿತೆಂದು ನಾವು ಏಳು ಜನ ಶಿವಮೊಗ್ಗದ ಹೋಟೆಲೊಂದರಲ್ಲಿ ಊಟ ಮುಗಿಸಿ, ಎಲೆ ಅಡಿಕೆಯನ್ನೂ ಹಾಕಿಕೊಂಡು ಕೂತಿದ್ದೆವು. ಬಿಲ್ಲು 2,860 ರೂಪಾಯಿ. ಸಪ್ಲೈಯರ್ ಹುಡುಗ ಸ್ವೈಪಿಂಗ್ ಮೆಷಿನ್ ತಂದು ಮೇಜಿನ ಮೇಲಿಟ್ಟ. ಕಾರ್ಡ್ ತೂರಿಸಿದೆ, ಪಿನ್ ಒತ್ತಿದೆ. ಹೊರಗೆ ಒಂದೇ ಸಮನೆ ಸುರಿಯುತ್ತಿತ್ತು. ಪರದೆಯ ಮೇಲೆ ಚುಕ್ಕೆಗಳು ಓಡಿದವು, ಓಡುತ್ತಲೇ ಇದ್ದವು. ಅಷ್ಟರಲ್ಲಿ ಜೇಬಿನಲ್ಲಿದ್ದ ಮೊಬೈಲ್ ಸದ್ದು ಮಾಡಿತು: ಖಾತೆಯಿಂದ 2,860 ರೂಪಾಯಿ ಕಡಿತವಾಗಿದೆ. ಅದರ ಬೆನ್ನಿಗೇ ಮೆಷಿನ್ ‘ಉತ್ತರ ಬಂದಿಲ್ಲ’ ಎಂಬರ್ಥದ ಸಾಲು ತೋರಿಸಿ ಸುಮ್ಮನಾಯಿತು. ಚೀಟಿ ಬರಲಿಲ್ಲ.

“ನೆಟ್‌ವರ್ಕ್ ಹೋಗಿದೆ ಸರ್. ಇನ್ನೊಂದು ಸಲ ಹಾಕಲೇ?” ಎಂದ ಹುಡುಗ.

ಹಾಕು ಎನ್ನುವ ಮಾತು ನಾಲಿಗೆಯ ತುದಿಯಲ್ಲಿತ್ತು. ಅಕ್ಕಪಕ್ಕದ ಮೇಜಿನವರು ತಿರುಗಿ ನೋಡುತ್ತಿರುವಾಗ ಆಗುವ ಮುಜುಗರ ಎಂಥವರನ್ನೂ ಅವಸರಕ್ಕೆ ಬೀಳಿಸುತ್ತದೆ. ಬಿಲ್ ಕೊಡದೆ ಕೂತಿರುವವರು ಎಂದು ಯಾರಾದರೂ ಅಂದುಕೊಂಡಾರೆಂಬ ಅಂಜಿಕೆಗೆ ನಾವು ಎರಡನೆಯ ಸಲ, ಕೆಲವೊಮ್ಮೆ ಮೂರನೆಯ ಸಲ ಪಿನ್ ಒತ್ತಿಬಿಡುತ್ತೇವೆ. ಕಾರ್ಡ್ ಮೆಷಿನ್ ಕೈಕೊಟ್ಟ ದಿನ ಆಗುವ ನಷ್ಟದಲ್ಲಿ ಹೆಚ್ಚಿನ ಪಾಲು ಹುಟ್ಟುವುದು ಈ ಎರಡನೆಯ ಪ್ರಯತ್ನದಲ್ಲಿ. ಹಾಗಾಗಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಈಗ ಹೇಗೆ ಕೊಡಲಿ?’ ಎಂಬುದಕ್ಕಿಂತ ‘ಹಣ ಹೋಗಿದೆಯೇ, ಇಲ್ಲವೇ?’ ಎಂಬುದು. ಅದನ್ನು ತಿಳಿಯಬೇಕಾದರೆ ಆ ಚುಕ್ಕೆಗಳು ಓಡುತ್ತಿದ್ದಾಗ ಒಳಗೆ ಏನು ನಡೆಯುತ್ತಿತ್ತೆಂಬುದು ಸ್ವಲ್ಪ ಗೊತ್ತಿರಬೇಕು.

ಮಳೆಯಲ್ಲಿ ಸಿಕ್ಕಿಕೊಂಡ ಚೀಟಿ

ಹಿಂದೆ ಊರುಗಳಲ್ಲಿ ಅಂಗಡಿಯವರು ಹುಡುಗನ ಕೈಯಲ್ಲಿ ಚೀಟಿ ಕಳಿಸುತ್ತಿದ್ದುದನ್ನು ನೆನೆಯಿರಿ. ‘ನಿಮ್ಮ ಮನೆಯವರು ಇಷ್ಟು ರೂಪಾಯಿಯ ಸಾಮಾನು ಕೇಳುತ್ತಿದ್ದಾರೆ, ಕೊಡಬಹುದೇ?’ ಹುಡುಗ ಓಡಿ ಹೋಗುತ್ತಾನೆ. ಮನೆಯಲ್ಲಿ ಹಿರಿಯರು ಪೆಟ್ಟಿಗೆ ತೆರೆದು ಅಷ್ಟು ಹಣವನ್ನು ಬೇರೆ ಎತ್ತಿಟ್ಟು, ಚೀಟಿಯ ಹಿಂದೆ ‘ಸರಿ’ ಎಂದು ಬರೆದು ಕಳಿಸುತ್ತಾರೆ. ಹುಡುಗ ಮರಳಿ ಬಂದು ಆ ‘ಸರಿ’ಯನ್ನು ತೋರಿಸಿದ ಮೇಲೆ ವ್ಯಾಪಾರ ಮುಗಿಯಿತು.

ಕಾರ್ಡಿನ ವ್ಯವಹಾರವೂ ಹೀಗೆಯೇ. ಮೆಷಿನ್ ಮೊದಲು ಹೋಟೆಲಿನವರ ಬ್ಯಾಂಕಿಗೆ ಸಂದೇಶ ಕಳಿಸುತ್ತದೆ. ಆ ಬ್ಯಾಂಕು ರುಪೇ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜಾಲಕ್ಕೆ ದಾಟಿಸುತ್ತದೆ. ಜಾಲವು ನಮಗೆ ಕಾರ್ಡ್ ಕೊಟ್ಟ ಬ್ಯಾಂಕನ್ನು ಹುಡುಕಿ ತಲುಪಿಸುತ್ತದೆ. ನಮ್ಮ ಬ್ಯಾಂಕು ಪಿನ್ ಸರಿಯಿದೆಯೇ, ಖಾತೆಯಲ್ಲಿ ಹಣವಿದೆಯೇ ಎಂದು ನೋಡಿ, ಅಷ್ಟು ಮೊತ್ತವನ್ನು ಕಡಿದು, ‘ಸರಿ’ ಎಂಬ ಉತ್ತರವನ್ನು ಬಂದ ದಾರಿಯಲ್ಲೇ ವಾಪಸು ಕಳಿಸುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಇಷ್ಟೂ ಆಗಿಬಿಡುತ್ತದಾದ್ದರಿಂದ ನಮಗೆ ಇದೊಂದು ಪಯಣವೆಂದೇ ತೋರುವುದಿಲ್ಲ.

ಹೋಗುವ ದಾರಿಯಲ್ಲೇ ಹುಡುಗ ಎಡವಿ ಬಿದ್ದರೆ ಚಿಂತೆಯಿಲ್ಲ. ಮನೆಯವರಿಗೆ ಸುದ್ದಿಯೇ ಮುಟ್ಟಿಲ್ಲ, ಹಣ ಪೆಟ್ಟಿಗೆಯಲ್ಲೇ ಇದೆ. ಆದರೆ ‘ಸರಿ’ ಎಂದು ಬರೆಸಿಕೊಂಡು ಮರಳುವಾಗ ಮಳೆಗೆ ಸಿಕ್ಕಿಕೊಂಡರೆ? ಮನೆಯಲ್ಲಿ ಹಣ ಎತ್ತಿಟ್ಟಾಗಿದೆ. ಅಂಗಡಿಗೆ ಉತ್ತರ ಬಂದಿಲ್ಲ. ಮನೆಯವರ ಪ್ರಕಾರ ಹಣ ಹೋಗಿದೆ, ಅಂಗಡಿಯವರ ಪ್ರಕಾರ ಬಂದಿಲ್ಲ, ಇಬ್ಬರು ಹೇಳುವುದೂ ನಿಜ. ಶಿವಮೊಗ್ಗದಲ್ಲಿ ನನಗಾದದ್ದು ಇದೇ.

ಹಾಗಾಗಿ ‘ಮೆಷಿನ್ ಕೆಲಸ ಮಾಡಲಿಲ್ಲ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಸಂಗತಿಗಳು ಅಡಗಿವೆ. ಮೊದಲನೆಯದು ಸ್ಪಷ್ಟವಾದ ನಿರಾಕರಣೆ. ಜಗತ್ತಿನ ಬಹುಪಾಲು ಕಾರ್ಡ್ ವ್ಯವಹಾರ ಐಎಸ್‌ಒ 8583 ಎಂಬ ಮಾನದಂಡದ ಸಂದೇಶಗಳಲ್ಲಿ ನಡೆಯುತ್ತದೆ. ಅದರಲ್ಲಿ ಉತ್ತರಗಳಿಗೆಲ್ಲ ಎರಡಂಕಿಯ ಸಂಕೇತಗಳಿವೆ. ಮೆಷಿನ್ 51 ಎಂದು ತೋರಿಸಿದರೆ ಖಾತೆಯಲ್ಲಿ ಹಣ ಸಾಲದು, 54 ಎಂದರೆ ಕಾರ್ಡಿನ ಅವಧಿ ಮುಗಿದಿದೆ, 55 ಎಂದರೆ ಪಿನ್ ತಪ್ಪಿದೆ, 91 ಎಂದರೆ ಕಾರ್ಡ್ ಕೊಟ್ಟ ಬ್ಯಾಂಕೋ ನಡುವಿನ ಜಾಲವೋ ಸಿಗುತ್ತಿಲ್ಲ. ಇಂಥ ಸಂಕೇತ ಬಂತೆಂದರೆ ಉತ್ತರ ಬಂದಿದೆ ಎಂದೇ ಅರ್ಥ. ಮೊಬೈಲಿಗೆ ಕಡಿತದ ಸಂದೇಶವೂ ಬಂದಿಲ್ಲವೆಂದಾದರೆ ಬೇರೆ ಕಾರ್ಡ್ ಹಾಕಬಹುದು, ಬೇರೆ ದಾರಿ ಹಿಡಿಯಬಹುದು.

ಎರಡನೆಯದು ಉತ್ತರವೇ ಬಾರದಿರುವುದು. ಇಲ್ಲಿ ‘ಆಗಲಿಲ್ಲ’ ಎಂದು ಯಾರೂ ಹೇಳಿಲ್ಲ, ‘ಗೊತ್ತಿಲ್ಲ’ ಎಂದಷ್ಟೇ ಹೇಳಿದ್ದಾರೆ. ಪೂರ್ತಿ ಕೆಟ್ಟ ಮೆಷಿನ್‌ಗಿಂತ ಅರ್ಧ ಕೆಟ್ಟ ಮೆಷಿನ್ ಹೆಚ್ಚು ಅಪಾಯ ಎನ್ನುವುದು ಇದಕ್ಕೇ.

ಈ ಪರಿಸ್ಥಿತಿಗೆ ವ್ಯವಸ್ಥೆಯೊಳಗೇ ಒಂದು ಮದ್ದು ಇದೆ, ಅದು ಬಹಳ ಜನರಿಗೆ ತಿಳಿಯದು. ಇಷ್ಟು ಹೊತ್ತು ಕಾದರೂ ಉತ್ತರ ಬರಲಿಲ್ಲವೆಂದಾದಾಗ ಮೆಷಿನ್ ತನ್ನ ನೆನಪಿನಲ್ಲಿ ಒಂದು ರದ್ದತಿಯ ಸಂದೇಶವನ್ನು ಸಿದ್ಧಮಾಡಿ ಇಟ್ಟುಕೊಳ್ಳುತ್ತದೆ: ‘ಈಗ ಕೇಳಿದ್ದೆನಲ್ಲ, ಅದನ್ನು ಕೈಬಿಡಿ, ಹಣ ಕಡಿದಿದ್ದರೆ ಹಿಂತಿರುಗಿಸಿ.’ ನೆಟ್‌ವರ್ಕ್ ಮರಳಿದೊಡನೆ, ಸಾಮಾನ್ಯವಾಗಿ ಮುಂದಿನ ಗಿರಾಕಿಯ ವ್ಯವಹಾರಕ್ಕಿಂತ ಮೊದಲು, ಆ ಸಂದೇಶ ಹೊರಡುತ್ತದೆ. ಅಂದರೆ ನನ್ನ ಹಣ ಬಿಡುಗಡೆಯಾಗುವುದು ಅದೇ ಮೆಷಿನ್ ಮತ್ತೆ ಸಂಪರ್ಕಕ್ಕೆ ಬಂದಾಗ. ಅದು ಅಂದು ಬರಲೇ ಇಲ್ಲವೆನ್ನಿ. ಆಗಲೂ ಇನ್ನೊಂದು ಜರಡಿ ಇದೆ. ದಿನದ ಕೊನೆಗೆ ಹೋಟೆಲಿನವರು ಮೆಷಿನ್‌ನಲ್ಲಿ ‘ಸೆಟ್ಲ್‌ಮೆಂಟ್’ ಮಾಡಿದಾಗ ಯಶಸ್ವಿಯಾದ ವ್ಯವಹಾರಗಳ ಪಟ್ಟಿ ಬ್ಯಾಂಕಿಗೆ ಹೋಗುತ್ತದೆ. ನನ್ನ 2,860 ಆ ಪಟ್ಟಿಯಲ್ಲಿ ಇರುವುದಿಲ್ಲ. ಹೋಟೆಲಿನ ಕಡೆಯಿಂದ ಯಾರೂ ಕೇಳದ ಹಣ ತನ್ನಲ್ಲಿ ಉಳಿದಿದೆಯೆಂಬುದು ನಮ್ಮ ಬ್ಯಾಂಕಿಗೆ ಲೆಕ್ಕ ತಾಳೆ ಹಾಕುವಾಗ ಗೊತ್ತಾಗುತ್ತದೆ. ಆಗ ಅದು ಖಾತೆಗೆ ಮರಳುತ್ತದೆ. ಕೆಲವು ದಿನ ಹಿಡಿಯುವುದು ಈ ತಾಳೆಯ ಕೆಲಸಕ್ಕೇ.

ಮೇಜಿನ ಮುಂದೆ ಕೂತವರು ಏನು ಮಾಡಬೇಕು

ಮೊದಲು ಮೊಬೈಲ್ ನೋಡಿ. ಕಡಿತದ ಸಂದೇಶ ಬಂದಿದೆಯೇ? ನೆಟ್‌ವರ್ಕ್ ಮಂಕಾಗಿರುವ ಕಡೆ ಸಂದೇಶವೂ ತಡವಾಗಬಹುದು, ಆದ್ದರಿಂದ ಐದು ನಿಮಿಷ ಕಾಯುವುದರಲ್ಲಿ ತಪ್ಪಿಲ್ಲ. ಸಂದೇಶ ಬಂದಿದ್ದರೆ ಅದೇ ಮೊತ್ತಕ್ಕೆ ಕಾರ್ಡನ್ನು ಮತ್ತೆ ಹಾಕಬೇಡಿ. ಹುಡುಗನಿಗೆ ಹೇಳುವುದಕ್ಕಿಂತ ಗಲ್ಲೆಯ ಬಳಿ ಹೋಗಿ ಮ್ಯಾನೇಜರ್ ಜೊತೆ ಮಾತಾಡುವುದು ಒಳ್ಳೆಯದು. ಕೊನೆಯ ವ್ಯವಹಾರದ ಚೀಟಿಯನ್ನು ಮತ್ತೊಮ್ಮೆ ಮುದ್ರಿಸುವ ಆಯ್ಕೆ ಬಹುತೇಕ ಮೆಷಿನ್‌ಗಳಲ್ಲಿ ಇರುತ್ತದೆ. ಅದನ್ನು ಒತ್ತಲು ಕೇಳಿ. ಎಷ್ಟೋ ಸಲ ವ್ಯವಹಾರ ಸರಿಯಾಗಿ ಮುಗಿದಿದ್ದು, ಕಾಗದದ ಸುರುಳಿ ತೀರಿಹೋಗಿಯೋ ಸಿಕ್ಕಿಕೊಂಡೋ ಚೀಟಿ ಬಂದಿರುವುದಿಲ್ಲ, ಅಷ್ಟೇ. ಮುದ್ರಿತ ಚೀಟಿಯಲ್ಲಿ ಅನುಮೋದನೆಯ ಸಂಖ್ಯೆ ಇದ್ದರೆ ಹಣ ಸಂದಾಯವಾಗಿದೆ, ಮಾತು ಮುಗಿಯಿತು. ಕೊನೆಯದಾಗಿ ಮುದ್ರಣಗೊಳ್ಳುವುದು ನಿಮಗಿಂತ ಮುಂಚಿನ ಗಿರಾಕಿಯ ಚೀಟಿಯಾಗಿದ್ದರೆ ನಿಮ್ಮದು ಹೋಟೆಲಿಗೆ ತಲುಪಿಲ್ಲ. ಮೆಷಿನ್ ಕೊಟ್ಟ ಬ್ಯಾಂಕಿನ ಸಹಾಯವಾಣಿಗೆ ಹೋಟೆಲಿನವರು ಫೋನ್ ಮಾಡಿ, ಮೆಷಿನ್ ಮೇಲಿರುವ ಟರ್ಮಿನಲ್ ಸಂಖ್ಯೆ ಹೇಳಿ ಕೇಳಿದರೂ ಇದು ಖಚಿತವಾಗುತ್ತದೆ.

ನೀವಾಗಲೇ ಎರಡು ಸಲ ಹಾಕಿಬಿಟ್ಟು ಎರಡಕ್ಕೂ ಅನುಮೋದನೆಯ ಚೀಟಿ ಬಂದಿದ್ದರೆ ವಿಷಯ ಬೇರೆ. ಅದು ವಿಫಲ ವ್ಯವಹಾರದ ಲೆಕ್ಕಕ್ಕೆ ಬರುವುದಿಲ್ಲ, ತಾನಾಗಿ ಹಿಂತಿರುಗುವುದೂ ಇಲ್ಲ. ಒಂದನ್ನು ಹೋಟೆಲಿನವರೇ ರದ್ದು ಮಾಡಬೇಕು. ಅಂದಿನ ಸೆಟ್ಲ್‌ಮೆಂಟ್‌ಗೆ ಮುಂಚೆ ಅದೇ ಮೆಷಿನ್‌ನಲ್ಲಿ ರದ್ದು ಮಾಡುವುದು ಸುಲಭ. ರಾತ್ರಿ ಕಳೆದರೆ ಅದು ಹಣ ಮರುಪಾವತಿಯ ಕೋರಿಕೆಯಾಗಿ ಮಾರ್ಪಟ್ಟು ದಿನಗಟ್ಟಲೆ ಎಳೆಯುತ್ತದೆ. ಆದ್ದರಿಂದ ಅಲ್ಲೇ, ಎದ್ದು ಹೋಗುವ ಮುಂಚೆಯೇ ಬಗೆಹರಿಸಿಕೊಳ್ಳಿ.

ಬೇರೆ ದಾರಿಯಲ್ಲಿ ಕೊಡುವುದಾದರೆ ಮೊದಲು ನೆನಪಾಗುವುದು ಯುಪಿಐ. ಹೋಟೆಲಿನ ಇಂಟರ್ನೆಟ್ ಬಿದ್ದಾಗಲೂ ಯುಪಿಐ ನಡೆಯುವುದುಂಟು, ಏಕೆಂದರೆ ಗೋಡೆಯ ಮೇಲಿನ ಕ್ಯೂಆರ್ ಚಿತ್ರಕ್ಕೆ ಇಂಟರ್ನೆಟ್ಟಿನ ಹಂಗಿಲ್ಲ. ಹಣ ಕಳಿಸುವ ಕೆಲಸವನ್ನೆಲ್ಲ ಮಾಡುವುದು ನಮ್ಮ ಮೊಬೈಲ್. ಆದರೆ ‘ಬಂದಿದೆ’ ಎಂದು ಕೂಗುವ ಸೌಂಡ್ ಬಾಕ್ಸ್‌ನ ಒಳಗೂ ಒಂದು ಸಿಮ್ ಇರುತ್ತದೆ. ಅದರ ನೆಟ್‌ವರ್ಕ್ ಹೋಗಿದ್ದರೆ ಹಣ ಬಂದರೂ ಅದು ಮಾತಾಡುವುದಿಲ್ಲ. ಆಗ ಹೋಟೆಲಿನವರು ನಮ್ಮ ಪರದೆಯ ಹಸಿರು ಗುರುತನ್ನು ನಂಬಲು ಹಿಂಜರಿದರೆ ಬೇಸರಿಸಬಾರದು. ಸುಳ್ಳು ಗುರುತು ತೋರಿಸುವ ನಕಲಿ ಆ್ಯಪ್‌ಗಳಿಂದ ಮೋಸಹೋದ ಅಂಗಡಿಯವರಿದ್ದಾರೆ. ಅವರ ಖಾತೆಗೆ ಜಮೆಯಾದದ್ದನ್ನು ಅವರ ಮೊಬೈಲಿನಲ್ಲಿ ನೋಡಿಕೊಳ್ಳಲು ಬಿಡಬೇಕು.

ಮೊಬೈಲಿನಲ್ಲಿ ಇಂಟರ್ನೆಟ್ ಇಲ್ಲ, ಮಾತಾಡುವಷ್ಟು ಸಿಗ್ನಲ್ ಮಾತ್ರ ಇದೆ ಎಂದಾದರೆ *99# ಒತ್ತಿ ನೋಡಬಹುದು. ಬ್ಯಾಂಕಿಗೆ ನೋಂದಾಯಿಸಿದ ಸಂಖ್ಯೆಯಿಂದ, ಯುಪಿಐ ಪಿನ್ ಬಳಸಿ, ಒಮ್ಮೆಗೆ 5,000 ರೂಪಾಯಿಯವರೆಗೆ ಕಳಿಸಲು ಇದರಲ್ಲಿ ಸಾಧ್ಯ. ನಿಧಾನ, ಹಳೆಯ ಕಾಲದ ಪಟ್ಟಿ, ಆದರೂ ಒಂದು ಬಾಗಿಲು.

ಯುಪಿಐಯೇ ತೊಡರಿಕೊಂಡಾಗ ಮಾತ್ರ ಒಂದು ಸಂಯಮ ಬೇಕು. 2025ರ ಏಪ್ರಿಲ್ 12ರಂದು ದೇಶದಾದ್ಯಂತ ಯುಪಿಐ ಗಂಟೆಗಟ್ಟಲೆ ತಡವರಿಸಿತು. ಆಮೇಲೆ ಹೊರಬಂದ ಕಾರಣ ಕುತೂಹಲದ್ದು: ‘ಆ ವ್ಯವಹಾರ ಏನಾಯಿತು?’ ಎಂದು ಕೇಳುವ ಕೋರಿಕೆಗಳನ್ನು ಕೆಲವು ಬ್ಯಾಂಕುಗಳು ಮೇಲಿಂದ ಮೇಲೆ ಕಳಿಸಿ ಜಾಲವನ್ನೇ ಕಟ್ಟಿಹಾಕಿದ್ದವು. ವಿಚಾರಿಸುವವರಿಂದಲೇ ದಾರಿ ತುಂಬಿಹೋಗಿತ್ತು. ಅಂಥ ವಿಚಾರಣೆಗಳ ನಡುವೆ ಕನಿಷ್ಠ 90 ಸೆಕೆಂಡ್ ಅಂತರವಿರಬೇಕೆಂದು ರಾಷ್ಟ್ರೀಯ ಪಾವತಿ ನಿಗಮ ಬಳಿಕ ಕಟ್ಟುಪಾಡು ಮಾಡಿತು. ಮೇಜಿನ ಮುಂದೆ ಕೂತ ನಮಗೂ ಇದೇ ಅಂತರ ಸಾಕು. ಸ್ಥಿತಿ ‘ಬಾಕಿ ಇದೆ’ ಎಂದು ತೋರಿಸುತ್ತಿರುವಾಗ ಮತ್ತೆ ಕಳಿಸುವುದೆಂದರೆ ಕಾರ್ಡನ್ನು ಎರಡನೆಯ ಸಲ ಹಾಕಿದಂತೆಯೇ.

ಇವೆಲ್ಲ ಸೋತರೆ ಉಳಿಯುವುದು ನೋಟು. ಮನೆಯಿಂದ ಹೊರಡುವಾಗ ಒಂದು ಊಟಕ್ಕಾಗುವಷ್ಟು ನಗದು ಜೇಬಿನಲ್ಲಿರಲಿ ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ. 2025ರ ಜುಲೈಯಲ್ಲಿ ಬೆಂಗಳೂರಿನಲ್ಲಿ ಇದು ಚೆನ್ನಾಗಿ ಅರಿವಾಯಿತು. ಯುಪಿಐ ಜಮೆಗಳ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಅನೇಕ ಸಣ್ಣ ಅಂಗಡಿ, ಹೋಟೆಲುಗಳು ಕ್ಯೂಆರ್ ತೆಗೆದು ‘ನಗದು ಮಾತ್ರ’ ಎಂದು ಬರೆದು ಅಂಟಿಸಿದವು. ಯಾವ ಜಾಲವೂ ಕೆಟ್ಟಿರಲಿಲ್ಲ, ಆದರೂ ಕಾಫಿ ಕುಡಿಯಬೇಕೆಂದು ನಿಂತವರು ಎಟಿಎಂ ಹುಡುಕಬೇಕಾಯಿತು.

ಕೊಡಲೂ ಆಗದು, ಹೋಗಲೂ ಆಗದು

ಯಾವ ದಾರಿಯೂ ಇಲ್ಲದಾದಾಗ ಏನು? ಇಲ್ಲಿ ಎರಡು ಮಾತನ್ನು ಒಟ್ಟಿಗೆ ಹಿಡಿದಿಟ್ಟುಕೊಳ್ಳಬೇಕು. ಮೆಷಿನ್ ಕೆಟ್ಟಿತೆಂದು ಊಟದ ಋಣ ತೀರುವುದಿಲ್ಲ. ಹಾಗೆಯೇ ಮೆಷಿನ್ ಕೆಟ್ಟಿತೆಂದು ಗಿರಾಕಿ ಕಳ್ಳನಾಗುವುದಿಲ್ಲ.

ಮೋಸಮಾಡುವ ಉದ್ದೇಶ ಮೊದಲಿನಿಂದಲೇ ಇದ್ದಾಗ ಅದು ವಂಚನೆ. ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಂ ಅದಕ್ಕಿದೆ. ಕಾರ್ಡ್ ಕೈಯಲ್ಲಿ ಹಿಡಿದು, ಕೊಡುತ್ತೇನೆ ಎಂದು ನಿಂತು, ತನ್ನ ಹೆಸರು ಮತ್ತು ಫೋನ್ ಸಂಖ್ಯೆ ಬರೆದುಕೊಟ್ಟವರಲ್ಲಿ ಆ ಉದ್ದೇಶ ಎಲ್ಲಿದೆ? ಅದು ಬಾಕಿ, ಅಪರಾಧವಲ್ಲ. ಅಂಥವರನ್ನು ಬಾಗಿಲಲ್ಲಿ ಅಡ್ಡಹಾಕುವುದು, ಕೂಡಿಹಾಕುವುದು ಸರಿಯಲ್ಲ. ಅಕ್ರಮವಾಗಿ ತಡೆಯುವುದನ್ನೂ ಬಂಧಿಸಿಡುವುದನ್ನೂ ಅದೇ ಸಂಹಿತೆಯ 126 ಮತ್ತು 127ನೆಯ ಕಲಂಗಳು ಶಿಕ್ಷಾರ್ಹವೆನ್ನುತ್ತವೆ. ಹಾಗಾಗಿ ಒತ್ತಾಯಕ್ಕೆ ಮಣಿದು ಆಧಾರ್ ಕಾರ್ಡನ್ನೋ ಮೊಬೈಲನ್ನೋ ಒತ್ತೆ ಇಡಬೇಕಾಗಿಲ್ಲ. ಡೆಬಿಟ್ ಕಾರ್ಡನ್ನಂತೂ ಬಿಟ್ಟುಬರಲೇಬೇಡಿ. ಬಿಲ್ಲಿನ ಪ್ರತಿಯ ಮೇಲೆ ‘ಮೆಷಿನ್ ವಿಫಲ, ಹಣ ಬಾಕಿ’ ಎಂದು ಮ್ಯಾನೇಜರ್ ಕೈಯಲ್ಲಿ ಬರೆಸಿ, ದಿನಾಂಕ ಮತ್ತು ವೇಳೆ ಹಾಕಿಸಿ, ಒಂದು ಫೋಟೋ ತೆಗೆದುಕೊಳ್ಳಿ. ಇಬ್ಬರಿಗೂ ಅದು ಕಾಪು.

ಕಡಿತವಾಗಿದೆ, ಹೋಟೆಲಿಗೆ ತಲುಪಿಲ್ಲ ಎಂಬ ಸ್ಥಿತಿಯಲ್ಲಿ ಕಾಯಬೇಕಾದವರು ಯಾರು? ಈ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ. ಕೈಯಲ್ಲಿ ನಗದು ಇದ್ದರೆ, ಮೊತ್ತ ಸಣ್ಣದಿದ್ದರೆ, ಗಿರಾಕಿಯೇ ಇನ್ನೊಂದು ದಾರಿಯಲ್ಲಿ ಕೊಟ್ಟು ತನ್ನ ಬ್ಯಾಂಕಿನಿಂದ ವಾಪಸಿಗೆ ಕಾಯುವುದು ಲೇಸು. ಏಕೆಂದರೆ ಗಿರಾಕಿಯ ಹಣಕ್ಕೆ ರಿಸರ್ವ್ ಬ್ಯಾಂಕಿನ ನಿಯಮದ ರಕ್ಷಣೆ ಇದೆ, ಹೋಟೆಲಿನವರ ಅನ್ನ ಸಾರಿಗೆ ಅಂಥದ್ದೇನೂ ಇಲ್ಲ. ಆದರೆ ತಿಂಗಳ ಕೊನೆಯಲ್ಲಿ ದೊಡ್ಡ ಮೊತ್ತ ಕಡಿತವಾಗಿ ಖಾತೆ ಬರಿದಾದವರನ್ನು ಇನ್ನೊಮ್ಮೆ ಕೊಡಿ ಎನ್ನುವುದು ಕಠಿಣ. ಅಂಥ ಕಡೆ ಹೋಟೆಲಿನವರು ಕೆಲವು ದಿನ ತಾಳುವುದು ಧರ್ಮ. ಮೆಷಿನ್ ಅವರದು, ನೆಟ್‌ವರ್ಕ್ ಅವರು ಆರಿಸಿಕೊಂಡದ್ದು.

ಗಲ್ಲೆಯ ಆಚೆ ಬದಿಯಲ್ಲಿರುವವರಿಗೆ

ಹೋಟೆಲ್ ನಡೆಸುವವರಿಗೆ ಹೇಳಬೇಕಾದದ್ದರಲ್ಲಿ ಒಂದೇ ಒಂದನ್ನು ಆರಿಸಿಕೋ ಎಂದರೆ ಇದನ್ನು ಹೇಳುತ್ತೇನೆ: ಮೆಷಿನ್ ಕೆಟ್ಟಿದೆಯೆಂದು ಗೊತ್ತಾದ ಗಳಿಗೆಯಲ್ಲೇ ಬಾಗಿಲಲ್ಲಿ ಹೇಳಿ. ಒಂದು ರಟ್ಟಿನ ಮೇಲೆ ‘ಇಂದು ಕಾರ್ಡ್ ನಡೆಯುತ್ತಿಲ್ಲ, ನಗದು ಅಥವಾ ಯುಪಿಐ’ ಎಂದು ಬರೆದು ತೂಗುಹಾಕಲು ಎರಡು ನಿಮಿಷ ಸಾಕು. ಆರ್ಡರ್ ತೆಗೆದುಕೊಳ್ಳುವಾಗಲೇ ಹುಡುಗ ಬಾಯಿಬಿಟ್ಟು ಹೇಳಿದರೆ ಇನ್ನೂ ಒಳ್ಳೆಯದು. ತಿನ್ನುವ ಮೊದಲು ತಿಳಿದರೆ ಗಿರಾಕಿ ಎದ್ದು ಎಟಿಎಂಗೆ ಹೋಗಿ ಬರುತ್ತಾನೆ, ಇಲ್ಲವೇ ಬೇರೆ ಕಡೆ ಹೋಗುತ್ತಾನೆ. ಉಂಡ ಮೇಲೆ ತಿಳಿದರೆ ಜಗಳ. ಗಿರಾಕಿ ಎದ್ದು ಹೋದಾನೆಂಬ ಭಯಕ್ಕೆ ಸುದ್ದಿ ಮುಚ್ಚಿಟ್ಟು ಊಟ ಬಡಿಸುವುದನ್ನು ನಾನು ಒಪ್ಪಲಾರೆ.

ಮುಂಜಾಗ್ರತೆಯ ಸಾಮಗ್ರಿ ದುಬಾರಿಯಲ್ಲ. ಇಂದಿನ ಮೆಷಿನ್‌ಗಳು ಸಿಮ್‌ನಲ್ಲೂ ವೈಫೈನಲ್ಲೂ ನಡೆಯುತ್ತವೆ. ಸಿಮ್ ಒಂದು ಕಂಪನಿಯದು, ವೈಫೈ ಇನ್ನೊಂದು ಕಂಪನಿಯದು ಇರುವಂತೆ ನೋಡಿಕೊಂಡರೆ ಒಂದು ಬಿದ್ದಾಗ ಇನ್ನೊಂದು ನಿಲ್ಲುತ್ತದೆ. ರೌಟರ್‌ಗೆ ಯುಪಿಎಸ್ ಬೇಕು, ಮೆಷಿನ್‌ನ ಬ್ಯಾಟರಿ ತುಂಬಿರಬೇಕು, ಕಾಗದದ ಸುರುಳಿ ಇನ್ನೆರಡು ಇರಬೇಕು, ಚಿಲ್ಲರೆ ಇರಬೇಕು. ಬಿಲ್ಲಿಂಗ್ ಕಂಪ್ಯೂಟರ್ ಸ್ತಬ್ಧವಾದರೆ ಕೈಯಲ್ಲಿ ಬರೆಯಲು ಕಾರ್ಬನ್ ಹಾಳೆಯ ಬಿಲ್ ಪುಸ್ತಕ, ಅದರ ಜೊತೆಗೆ ಅಚ್ಚಾದ ದರಪಟ್ಟಿ ಇರಬೇಕು. 2024ರ ಮಾರ್ಚ್ 15ರಂದು ಮ್ಯಾಕ್‌ಡೊನಾಲ್ಡ್ಸ್‌ನ ಕಂಪ್ಯೂಟರ್ ವ್ಯವಸ್ಥೆ ಜಪಾನ್, ಆಸ್ಟ್ರೇಲಿಯಾ, ಬ್ರಿಟನ್ ಸೇರಿದಂತೆ ಹಲವು ದೇಶಗಳಲ್ಲಿ ಒಟ್ಟಿಗೆ ನಿಂತುಹೋಯಿತು. ಕಂಪನಿ ಹೇಳಿದ ಪ್ರಕಾರ ಹೊರಗಿನ ಸೇವಾದಾರರೊಬ್ಬರು ಮಾಡಿದ ಕಂಪ್ಯೂಟರ್ ಹೊಂದಿಕೆಯ ಒಂದು ಬದಲಾವಣೆ ಅದಕ್ಕೆ ಕಾರಣ. ಅಡುಗೆಮನೆ, ಒಲೆ, ಕೆಲಸಗಾರರು ಎಲ್ಲ ಸರಿಯಿದ್ದೂ ಎಷ್ಟೋ ಮಳಿಗೆಗಳು ಬಾಗಿಲು ಹಾಕಬೇಕಾಯಿತು.

ಎರಡನೆಯ ಮೆಷಿನ್ ಇಟ್ಟುಕೊಂಡರೆ ಸಾಕೆಂದು ಅನೇಕರು ತಿಳಿದಿದ್ದಾರೆ. ಎರಡೂ ಒಂದೇ ಬ್ಯಾಂಕಿನವಾದರೆ ಆ ಬ್ಯಾಂಕಿನ ಸರ್ವರ್ ಬಿದ್ದಾಗ ಎರಡೂ ಬೀಳುತ್ತವೆ. ಬದಲಿ ವ್ಯವಸ್ಥೆ ಇದ್ದೂ ಉಪಯೋಗಕ್ಕೆ ಬಾರದ ಕಥೆಯೊಂದು ವೀಸಾದ್ದೇ ಇದೆ. 2018ರ ಜೂನ್ 1, ಶುಕ್ರವಾರ. ಯುರೋಪಿನಲ್ಲಿ ಹತ್ತು ಗಂಟೆಗಳ ಕಾಲ ವೀಸಾ ಕಾರ್ಡುಗಳು ಎಲ್ಲೆಂದರಲ್ಲಿ ನಿಂತವು. ಸುಮಾರು 52 ಲಕ್ಷ ವ್ಯವಹಾರಗಳು ವಿಫಲವಾದವು. ಒಂದು ದತ್ತಾಂಶ ಕೇಂದ್ರದಲ್ಲಿ ವ್ಯವಹಾರದ ಸಂದೇಶಗಳನ್ನು ದಾಟಿಸುವ ಯಂತ್ರದ, ಅಂದರೆ ಸ್ವಿಚ್‌ನ, ಒಂದು ಬಿಡಿಭಾಗ ಭಾಗಶಃ ಕೆಟ್ಟಿತ್ತು. ಪೂರ್ತಿ ಸತ್ತಿದ್ದರೆ ಬದಲಿ ಸ್ವಿಚ್ ಕೂಡಲೇ ಕೆಲಸಕ್ಕೆ ಇಳಿಯುತ್ತಿತ್ತು. ಅರ್ಧ ಜೀವ ಹಿಡಿದುಕೊಂಡಿದ್ದರಿಂದ ಬದಲಿಗೆ ಕರೆಯೇ ಹೋಗಲಿಲ್ಲ. ಶಿವಮೊಗ್ಗದ ಮೇಜಿನ ಮೇಲಿನ ಪುಟ್ಟ ಮೆಷಿನ್ನಿಗೂ ಯುರೋಪಿನ ಆ ದೊಡ್ಡ ಯಂತ್ರಕ್ಕೂ ಇದೊಂದು ಗುಣ ಸಮಾನ. ಹಾಗಾಗಿ ಎರಡು ಸಲ ‘ಉತ್ತರ ಬಂದಿಲ್ಲ’ ಎಂದ ಮೆಷಿನ್ನನ್ನು ಆಮೇಲಾದರೂ ಸರಿಹೋದೀತೆಂದು ಮೇಜಿನಿಂದ ಮೇಜಿಗೆ ಒಯ್ಯಬೇಡಿ. ಅದನ್ನು ಪಕ್ಕಕ್ಕಿಟ್ಟು, ನೆಟ್‌ವರ್ಕ್ ಸರಿಯಾದ ಮೇಲೆ ಸಂಪರ್ಕಕ್ಕೆ ತಂದು, ಒಳಗೆ ಉಳಿದಿರುವ ರದ್ದತಿಯ ಸಂದೇಶಗಳು ಹೊರಟುಹೋಗಲು ಬಿಡಿ. ಆಫ್ ಮಾಡಿ ಡ್ರಾಯರಿನಲ್ಲಿ ಹಾಕಿ ಮರೆತರೆ ಅಷ್ಟು ಜನರ ಹಣ ಅಷ್ಟು ಹೊತ್ತು ನಡುದಾರಿಯಲ್ಲಿ ನಿಂತಿರುತ್ತದೆ.

ಇನ್ನೊಂದು ಎಚ್ಚರ. ಮೆಷಿನ್ ಇಲ್ಲವೆಂದು ಗಿರಾಕಿಯ ಕಾರ್ಡ್ ಸಂಖ್ಯೆ, ಅವಧಿ, ಹಿಂಬದಿಯ ಮೂರಂಕಿಗಳನ್ನು ಬರೆದುಕೊಳ್ಳುವುದು, ಫೋಟೋ ತೆಗೆದಿಟ್ಟುಕೊಳ್ಳುವುದು ಎಷ್ಟು ಒಳ್ಳೆಯ ಮನಸ್ಸಿನಿಂದ ಮಾಡಿದರೂ ತಪ್ಪು. ಆ ಹಾಳೆ ಯಾರ ಕೈಗೆ ಸಿಕ್ಕರೂ ಅದು ಖಾತೆಯ ಕೀಲಿಕೈ. ಗಿರಾಕಿಯೂ ಇದಕ್ಕೆ ಒಪ್ಪಬಾರದು.

ಹಿಂದೆ ಇದಕ್ಕೊಂದು ಸಾಧನ ಇತ್ತು ಎಂಬುದನ್ನು ಇಲ್ಲಿ ನೆನೆಯಬೇಕು. ಕಾರ್ಡಿನ ಮೇಲೆ ಅಂಕಿಗಳು ಉಬ್ಬಿರುತ್ತಿದ್ದವಲ್ಲ, ಅವು ಅಂದಕ್ಕೆ ಇದ್ದವಲ್ಲ. ಕಾರ್ಡನ್ನು ಒಂದು ಕಬ್ಬಿಣದ ಹಾಸಿನ ಮೇಲಿಟ್ಟು, ಕಾರ್ಬನ್ ಚೀಟಿ ಹೊದಿಸಿ, ಉರುಳೆ ಎಳೆದರೆ ಅಂಕಿಗಳು ಒತ್ತಿ ಮೂಡುತ್ತಿದ್ದವು. ವಿದ್ಯುತ್ತೂ ಬೇಡ, ಫೋನೂ ಬೇಡ. ಈಗಿನ ಅನೇಕ ಕಾರ್ಡುಗಳಲ್ಲಿ ಅಂಕಿಗಳು ಉಬ್ಬಿಯೇ ಇಲ್ಲ, ಪಿನ್ ಇಲ್ಲದೆ ನಮ್ಮ ಬ್ಯಾಂಕುಗಳು ದೊಡ್ಡ ಮೊತ್ತ ಒಪ್ಪುವುದೂ ಇಲ್ಲ, ಆದ್ದರಿಂದ ಆ ದಾರಿ ಮುಚ್ಚಿದೆ. ಕಾರ್ಡು ಬೆಳೆದದ್ದೇ ಊಟದ ಮೇಜಿನಲ್ಲಿ. 1950ರಲ್ಲಿ ನ್ಯೂಯಾರ್ಕಿನಲ್ಲಿ ಆರಂಭವಾದ ಡೈನರ್ಸ್ ಕ್ಲಬ್ಬಿನ ರಟ್ಟಿನ ಕಾರ್ಡ್ ಇದ್ದದ್ದೇ ಹೋಟೆಲುಗಳಲ್ಲಿ ಉಂಡು, ತಿಂಗಳ ಕೊನೆಗೆ ಒಟ್ಟಿಗೆ ಹಣ ಕಟ್ಟಲು. ನಮ್ಮೂರಿನ ಉದ್ರಿ ಪುಸ್ತಕವನ್ನೇ ಅವರು ಜೇಬಿಗೆ ಇಳಿಸಿದ್ದರು.

ಆ ಉದ್ರಿ ಪುಸ್ತಕವನ್ನೇ ಮೆಷಿನ್ ಕೆಟ್ಟ ದಿನ ಮತ್ತೆ ತೆರೆಯಿರಿ ಎನ್ನುತ್ತೇನೆ. ‘ಇಂದು ನಗದು, ನಾಳೆ ಉದ್ರಿ’ ಎಂಬ ಹಲಗೆ ಎಷ್ಟು ಹೋಟೆಲುಗಳ ಗೋಡೆಯ ಮೇಲಿತ್ತು! ಅದನ್ನು ಒಂದು ದಿನಕ್ಕೆ ಕೆಳಗಿಳಿಸಿ. ಹೆಸರು, ಫೋನ್ ಸಂಖ್ಯೆ, ಬಿಲ್ ಸಂಖ್ಯೆ, ಮೊತ್ತ, ಕಡಿತದ ಸಂದೇಶ ಬಂದಿದೆಯೇ ಇಲ್ಲವೇ, ಇಷ್ಟನ್ನು ಬರೆದುಕೊಂಡರೆ ಸಾಕು. ಬಿಲ್ಲನ್ನು ಮಾತ್ರ ಅಂದೇ ಕೊಡಬೇಕು. ಹಣ ತಡವಾಗಿ ಬಂದರೂ ತೆರಿಗೆಯ ಲೆಕ್ಕ ತಪ್ಪಬಾರದು.

ಹಣ ಮರಳಿ ಬರುವ ಬಗೆ

ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯೊಂದು ಇಲ್ಲಿ ನಮ್ಮ ಬೆನ್ನಿಗಿದೆ. ಅದೇ ವರ್ಷ ಅಕ್ಟೋಬರ್ 15ರಿಂದ ಜಾರಿಯಲ್ಲಿದೆ. ಮೆಷಿನ್‌ನಲ್ಲಿ ಕಾರ್ಡ್ ಬಳಸಿ, ಖಾತೆಯಲ್ಲಿ ಕಡಿತವಾಗಿ, ಅಂಗಡಿಯಲ್ಲಿ ಚೀಟಿ ಬಾರದಿದ್ದರೆ ವ್ಯವಹಾರದ ದಿನದಿಂದ 5 ದಿನಗಳೊಳಗೆ ಬ್ಯಾಂಕು ತಾನಾಗಿಯೇ ಹಣ ಹಿಂತಿರುಗಿಸಬೇಕು. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವನ್ನೂ, ಗಿರಾಕಿ ಕೇಳದಿದ್ದರೂ, ಜಮೆ ಮಾಡಬೇಕು. ಯುಪಿಐಯಲ್ಲಿ ಅಂಗಡಿಗೆ ಕಳಿಸಿದ ಹಣಕ್ಕೆ ಖಚಿತತೆ ಸಿಗದಿದ್ದರೂ ಇದೇ 5 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ್ದಾದರೆ ಮರುದಿನದೊಳಗೆ. ಆದ್ದರಿಂದ ಹೋಟೆಲ್ ಮಾಲೀಕರ ಸ್ವಂತ ಸಂಖ್ಯೆಗೆ ಕಳಿಸಿದ್ದೀರೋ ಅಂಗಡಿಯ ಕ್ಯೂಆರ್‌ಗೆ ಕಳಿಸಿದ್ದೀರೋ ಎಂಬುದು ಲೆಕ್ಕಕ್ಕೆ ಬರುತ್ತದೆ.

ಬ್ಯಾಂಕು ತಾನಾಗಿ ಮಾಡಬೇಕೆಂದಿದ್ದರೂ ನಾನು ಮರುದಿನವೇ ದೂರು ದಾಖಲಿಸುವ ಪಕ್ಷದವನು. ದಿನಾಂಕ, ವೇಳೆ, ಮೊತ್ತ, ಹೋಟೆಲಿನ ಹೆಸರು, ವ್ಯವಹಾರದ 12 ಅಂಕಿಯ ಉಲ್ಲೇಖ ಸಂಖ್ಯೆ ಸಿಕ್ಕಿದ್ದರೆ ಅದು, ಇವಿಷ್ಟನ್ನು ಕೊಟ್ಟು ದೂರಿನ ಸಂಖ್ಯೆ ಪಡೆಯಿರಿ. 30 ದಿನಗಳಾದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗಿರಾಕಿಗಳ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರಬಹುದು; ಶುಲ್ಕವಿಲ್ಲ. ಮಾಹಿತಿಗೆ 14448 ಸಂಖ್ಯೆ ಇದೆ. ಎರಡು ಸಲ ಹಣ ಪಡೆದು ಹೋಟೆಲಿನವರೇ ಹಿಂತಿರುಗಿಸುತ್ತಿಲ್ಲವೆಂದಾದರೆ ಅದು ಬ್ಯಾಂಕಿನ ವಿಷಯಕ್ಕಿಂತ ಗ್ರಾಹಕರ ವಿಷಯ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915.

ಈ ಹಂತದಲ್ಲೇ ಮೋಸಗಾರರು ಕಾದು ಕೂತಿರುತ್ತಾರೆ. ಬ್ಯಾಂಕಿನ ಸಹಾಯವಾಣಿಯನ್ನು ಇಂಟರ್ನೆಟ್ಟಿನಲ್ಲಿ ಹುಡುಕಿ ಸಿಕ್ಕ ಮೊದಲ ಸಂಖ್ಯೆಗೆ ಫೋನ್ ಮಾಡಬೇಡಿ. ಕಾರ್ಡಿನ ಹಿಂಬದಿಯಲ್ಲಿ ಅಚ್ಚಾದ ಸಂಖ್ಯೆಯನ್ನೇ ಬಳಸಿ. ಹಣ ವಾಪಸು ಪಡೆಯಲು ಪಿನ್ ಒತ್ತಬೇಕಾಗಿಲ್ಲ, ಒಟಿಪಿ ಹೇಳಬೇಕಾಗಿಲ್ಲ, ಯಾವ ಕ್ಯೂಆರ್ ಸ್ಕ್ಯಾನ್ ಮಾಡಬೇಕಾಗಿಲ್ಲ. ಯಾರಾದರೂ ಹಾಗೆ ಕೇಳಿದರೆ ಫೋನ್ ಇಡಿ. ಆಗಲೇ ಕಳೆದುಕೊಂಡಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಶಿವಮೊಗ್ಗದ ಆ ಮಧ್ಯಾಹ್ನಕ್ಕೆ ಮರಳುತ್ತೇನೆ. ಏಳು ಜನರ ಜೇಬು, ಪರ್ಸು ಎಲ್ಲ ತಡಕಿದರೂ ಸಿಕ್ಕಿದ್ದು 1,100 ರೂಪಾಯಿ. ಅಷ್ಟರಲ್ಲಿ ಮೊಬೈಲುಗಳ ಸಿಗ್ನಲ್ಲೂ ಹೋಗಿತ್ತು. ಗಲ್ಲೆಯಲ್ಲಿದ್ದ ಹಿರಿಯರು ನನ್ನ ಮೊಬೈಲಿನ ಕಡಿತದ ಸಂದೇಶ ನೋಡಿದರು, ಮೆಷಿನ್‌ನಲ್ಲಿ ಕೊನೆಯ ಚೀಟಿ ಮುದ್ರಿಸಿ ನೋಡಿದರು. ಅದು ಬೇರೆ ಯಾರದೋ 640 ರೂಪಾಯಿಯದು. “ನಿಮ್ಮ ದುಡ್ಡು ನನಗೆ ಬಂದಿಲ್ಲ, ನಿಮ್ಮಲ್ಲೂ ಇಲ್ಲ. ಎಲ್ಲಿದೆಯೋ ಅಲ್ಲಿಂದ ಬರಲಿ, ಆಮೇಲೆ ಕಳಿಸಿ” ಎಂದು ಹೇಳಿ, 1,100ನ್ನೂ ಮುಟ್ಟದೆ, ಉದ್ದನೆಯ ಪುಸ್ತಕವೊಂದನ್ನು ತೆಗೆದು ನನ್ನ ಹೆಸರು ಬರೆದುಕೊಂಡರು. ಅತ್ತೆಯವರು ಬಾಗಿಲು ದಾಟುವಾಗ ಅವರಿಗೆ ಕೈಮುಗಿದರು.

ಗುರುವಾರ ಬೆಳಿಗ್ಗೆ 2,860 ರೂಪಾಯಿ ಖಾತೆಗೆ ಮರಳಿತು. ಹತ್ತು ನಿಮಿಷದಲ್ಲಿ ಹೋಟೆಲಿನ ಯುಪಿಐಗೆ ಕಳಿಸಿ, ಫೋನ್ ಮಾಡಿ ತಿಳಿಸಿದೆ. ಸ್ವಲ್ಪ ಹೊತ್ತಿನಲ್ಲಿ ಅವರಿಂದ ಒಂದು ಫೋಟೋ ಬಂತು: ಆ ಪುಸ್ತಕದ ಪುಟ, ನನ್ನ ಹೆಸರಿನ ಮೇಲೆ ಅಡ್ಡಗೆರೆ, ಪಕ್ಕದಲ್ಲಿ ನೀಲಿ ಶಾಯಿಯಲ್ಲಿ ‘ಬಂತು’.